ದುರ್ಯೋಧನನ ಪಾರ್ಟು: ಪಾತ್ರದಾಟದಲ್ಲಿ ಐಬುಳ್ಳ ಪಾತ್ರಗಳು

ತಿಪಟೂರು ಸೀಮೆಯ ಕಿಬ್ಬನಹಳ್ಳಿ ಸುತ್ತಮುತ್ತಲ ಊರುಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಮೊದಲು ಇತ್ಯರ್ಥವಾಗಬೇಕಾದದ್ದು ಪಾರ್ಟುಗಳ ಹಂಚಿಕೆ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ಲೈಟು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದವರ ಖರ್ಚು ಎಲ್ಲವೂ ಪಾರ್ಟುದಾರರ ತಲೆಗೇ ಬರುತ್ತದೆ. ಪಾರ್ಟಿನ ತೂಕ ನೋಡಿ ಚಂದಾ. ನಕುಲ ಸಹದೇವರಿಗೆ ಕಡಿಮೆ, ಧರ್ಮರಾಯನಿಗೆ ಪರವಾಗಿಲ್ಲ ಎನ್ನುವಷ್ಟು, ಕೃಷ್ಣ, ಕರ್ಣ, ಭೀಮರಿಗೆ ಹೆಚ್ಚು. ದುರ್ಯೋಧನನ ಪಾರ್ಟಿಗೆ ಪೈಪೋಟಿಯೇ ನಡೆಯುತ್ತದೆ. ಸೂಜಿಮೊನೆಯಷ್ಟೂ ನೆಲ ಕೊಡೆನೆಂದವನು, ತುಂಬಿದ ಸಭೆಗೆ ದ್ರೌಪದಿಯನ್ನು ಎಳೆಸಿದವನು, ಕೊನೆಗೆ ತೊಡೆ ಮುರಿಸಿಕೊಂಡು ಬೀಳುವವನು ಅವನು. ಅಂಥವನ ವೇಷ ಕಟ್ಟಲು ಮರ್ಯಾದಸ್ಥ ರೈತರು ತೆಂಗಿನ ಫಸಲಿನ ದುಡ್ಡು ಸುರಿಯುತ್ತಾರೆ.

ಯಾಕೆ?

ಈ ಉಪನ್ಯಾಸದ ವಿಷಯ ಮೇಲ್ನೋಟಕ್ಕೆ ಬಹಳ ದೂರದ್ದು. ಹೊರಜಗತ್ತಿನಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರಾದ ಆಟವನ್ನು ಇಲ್ಲಿ ಸಲೀಸಾಗಿ ಪಾತ್ರದಾಟ ಎನ್ನೋಣ. ಅದರಲ್ಲಿ ಐಬುಳ್ಳ ಪಾತ್ರವನ್ನು ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಆಡುವುದು ಹೇಗೆ ಎಂಬುದು ವಿಷಯ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ ಈ ಆಟ ನಡೆಯುತ್ತಿದೆ. ದಾಳಕ್ಕೆ ಆರು ಮುಖವಷ್ಟೇ ಎಂದುಕೊಂಡಿದ್ದ ಮನೆಗಳಿಗೆ ಈಗ ಇಪ್ಪತ್ತು ಮುಖದ ದಾಳವೂ ಬಂದಿದೆ. ಆದರೆ ಐಬಿನ ಪಾತ್ರದ ಬಗ್ಗೆ ಆ ಆಟದವರು ಐವತ್ತು ವರ್ಷಗಳಲ್ಲಿ ಒಂದೊಂದಾಗಿ ಕಂಡುಕೊಂಡ ಸಂಗತಿಗಳನ್ನು ಈ ತೆಂಗಿನ ಸೀಮೆಯ ನಾಟಕದ ಮೇಷ್ಟ್ರು, ಭಾಗವತರು, ಇಲ್ಲಿ ಹುಟ್ಟಿದ ವಿದ್ವಾಂಸರು ತಮ್ಮ ತಮ್ಮ ದಾರಿಯಲ್ಲಿ ಮೊದಲೇ ಬಲ್ಲವರಾಗಿದ್ದರು. ಎರಡನ್ನೂ ಎದುರುಬದುರು ಕೂರಿಸಿ ನೋಡುವುದು ಈ ಮಾತಿನ ಉದ್ದೇಶ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಶತ್ರು, ಹವಾಮಾನ ಎಲ್ಲವನ್ನೂ ಮಾತಿನಲ್ಲಿ ಕಟ್ಟಿಕೊಡುವವರು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ‘ಬಾಗಿಲು ತಟ್ಟುತ್ತೇನೆ’ ಎಂದು ಆಟಗಾರ ಹೇಳಿದರೆ ಒಳಗಿನಿಂದ ಯಾರು ಬಂದರೆಂದು ಮಾಸ್ಟರ್ ಹೇಳುತ್ತಾರೆ. ಫಲದ ಬಗ್ಗೆ ಅನುಮಾನವಿದ್ದಾಗ ದಾಳ ಹಾಕುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಪ್ರೇಕ್ಷಕರಿಲ್ಲ, ಗೆದ್ದವರು ಸೋತವರು ಎಂಬ ಲೆಕ್ಕವೂ ಹೆಚ್ಚಾಗಿ ಇಲ್ಲ.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಪುಟ್ಟ ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಕ. ಮೇಜಿನ ಮೇಲೆ ಗೊಂಬೆ ಸೈನ್ಯ ನಿಲ್ಲಿಸಿ ಆಡುತ್ತಿದ್ದ ಯುದ್ಧದಾಟಗಳಿಂದ ಅದು ಹುಟ್ಟಿತ್ತಾದ್ದರಿಂದ ಪಾತ್ರವೆಂದರೆ ಮೊದಮೊದಲು ಆರು ಅಂಕಿ: ಶಕ್ತಿ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ಆಕರ್ಷಣೆ. ಮೂರು ದಾಳ ಹಾಕಿ ಬಂದದ್ದನ್ನು ಬರೆದುಕೊಳ್ಳುವುದು. ಮೂರರಿಂದ ಹದಿನೆಂಟರೊಳಗೆ ಏನಾದರೂ ಬರಬಹುದು. ಬುದ್ಧಿಗೆ ಐದು ಬಿದ್ದರೆ ದಡ್ಡ, ಶಕ್ತಿಗೆ ಐದು ಬಿದ್ದರೆ ಬಡಕಲ. ಆದರೆ ಕಡಿಮೆ ಅಂಕಿ ಐಬಲ್ಲ. ದಡ್ಡನೊಬ್ಬ ಜೀವಮಾನವಿಡೀ ಯಾರಿಗೂ ತೊಂದರೆ ಕೊಡದೆ ಬಾಳಬಹುದು. ದುರ್ಯೋಧನನ ಗದಾವಿದ್ಯೆಯಲ್ಲಿ ಕೊರತೆ ಇರಲಿಲ್ಲ, ಬುದ್ಧಿಯಲ್ಲೂ ಇರಲಿಲ್ಲ. ಅವನ ತೊಂದರೆ ಇರುವುದು ಬೇರೆ ಕಡೆ. ಆ ಬೇರೆ ಕಡೆಗೆ ಆರು ಅಂಕಿಗಳ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಜಾಗ ಮಾಡಿಕೊಟ್ಟ ಮೊದಲಿಗರು ವ್ಯಾಪಾರದ ಬುದ್ಧಿ ತೋರಿಸಿದರು. 1981ರ ‘ಚಾಂಪಿಯನ್ಸ್’, 1986ರ ‘ಗರ್ಪ್ಸ್’ ಎಂಬ ಆಟಗಳಲ್ಲಿ ಐಬು ಒಂದು ನಾಣ್ಯ. ಪಾತ್ರಕ್ಕೆ ಮುಂಗೋಪ ಸೇರಿಸಿಕೊಂಡರೆ ಇಷ್ಟು ಪಾಯಿಂಟು, ದುರಾಸೆಗೆ ಇಷ್ಟು, ಒಕ್ಕಣ್ಣನಾದರೆ ಇಷ್ಟು. ಬಂದ ಪಾಯಿಂಟಿನಲ್ಲಿ ಕತ್ತಿವರಸೆಯೋ ಮಾಯಾವಿದ್ಯೆಯೋ ಕೊಂಡುಕೊಳ್ಳಬಹುದು. ಆಟಗಾರರು ಇದರ ಒಳದಾರಿ ಹುಡುಕಲು ತಡಮಾಡಲಿಲ್ಲ. ಆಟ ಪೂರ್ತಿ ಮರುಭೂಮಿಯಲ್ಲೇ ನಡೆಯುತ್ತದೆಂದು ಮೊದಲೇ ತಿಳಿದುಕೊಂಡು ‘ನನ್ನ ಪಾತ್ರಕ್ಕೆ ಸಮುದ್ರವೆಂದರೆ ಭಯ’ ಎಂದು ಬರೆಸಿ ಪಾಯಿಂಟು ಜೇಬಿಗೆ ಹಾಕಿಕೊಂಡರು. ಕಾಗದದ ಮೇಲೆ ಐಬುಂಟು, ಮೇಜಿನ ಮೇಲೆ ಇಲ್ಲ.

ಇದರಿಂದ ಒಂದು ಪಾಠ ಸಿಕ್ಕಿತು: ಐಬಿಗೆ ಊರು ಬೇಕು. ಎತ್ತರಕ್ಕೆ ಹೆದರುವ ಪಾತ್ರ ವಿಜಯಪುರದ ಜೋಳದ ಹೊಲದಲ್ಲಿ ಸುಖವಾಗಿ ಇರಬಲ್ಲದು. ಅದೇ ಪಾತ್ರ ತಿಪಟೂರು ಸೀಮೆಯಲ್ಲಿ ಮರ ಹತ್ತಿ ಕಾಯಿ ಕೆಡಹುವ ಮನೆಯಲ್ಲಿ ಹುಟ್ಟಿದ್ದರೆ? ಅಪ್ಪ ಹತ್ತುತ್ತಿದ್ದ, ಅಣ್ಣ ಹತ್ತುತ್ತಾನೆ, ಇವನು ಬುಡದಲ್ಲಿ ನಿಂತು ಬಿದ್ದ ಕಾಯಿ ಆರಿಸುತ್ತಾನೆ. ಆಗ ಹೆದರಿಕೆಗೆ ಅವಮಾನ ಸೇರುತ್ತದೆ, ಸುಳ್ಳು ಸೇರುತ್ತದೆ, ಒಂದು ದಿನ ಯಾರೂ ಇಲ್ಲದಾಗ ಹತ್ತಿಯೇ ಬಿಡುತ್ತೇನೆಂಬ ಹುಚ್ಚು ಸೇರುತ್ತದೆ. ಪಾತ್ರ ಶುರುವಾಗುವುದು ಅಲ್ಲಿ.

1985ರಲ್ಲಿ ಗ್ರೆಗ್ ಸ್ಟ್ಯಾಫರ್ಡ್ ರಚಿಸಿದ ‘ಪೆಂಡ್ರಾಗನ್’ ಬೇರೆ ಹಾದಿ ಹಿಡಿಯಿತು. ಆರ್ಥರ್ ರಾಜನ ಕಾಲದ ಸರದಾರರ ಆಟ ಅದು. ಅಲ್ಲಿ ಗುಣಗಳು ಜೋಡಿ ಜೋಡಿಯಾಗಿ ಬರುತ್ತವೆ, ಒಟ್ಟು ಹದಿಮೂರು ಜೋಡಿ: ಔದಾರ್ಯಕ್ಕೆ ಸ್ವಾರ್ಥ, ವಿನಯಕ್ಕೆ ಗರ್ವ, ಕ್ಷಮೆಗೆ ಸೇಡು, ಶೌರ್ಯಕ್ಕೆ ಹೇಡಿತನ. ಪ್ರತಿ ಜೋಡಿಯ ಮೊತ್ತ ಇಪ್ಪತ್ತು. ಔದಾರ್ಯ ಹದಿನೈದಾದರೆ ಸ್ವಾರ್ಥ ಐದು. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಅಂಕಿ ಹದಿನಾರು ಮುಟ್ಟಿತೆಂದರೆ ಆ ಗುಣಕ್ಕೆ ಆ ಮನುಷ್ಯ ಹೆಸರುವಾಸಿ. ಸಂದರ್ಭ ಬಂದಾಗ ಆಟಗಾರ ದಾಳ ಹಾಕಲೇಬೇಕು, ದಾಳ ಹೇಳಿದಂತೆ ಪಾತ್ರ ನಡೆಯಲೇಬೇಕು. ಆಟಗಾರನಿಗೆ ಇಷ್ಟವೋ ಇಲ್ಲವೋ ಕೇಳುವವರಿಲ್ಲ.

ಈ ಹಾಳೆಯಲ್ಲಿ ದುರ್ಯೋಧನನನ್ನು ಬರೆದು ನೋಡಿದರೆ ಮಜಾ ಬರುತ್ತದೆ. ಔದಾರ್ಯ ಹದಿನೆಂಟು ಕೊಡಬೇಕಾಗುತ್ತದೆ. ಸೂತಪುತ್ರನೆಂದು ಸಭೆಯೇ ಹೀಗಳೆದವನಿಗೆ ನಿಂತ ಕಾಲಲ್ಲಿ ಅಂಗರಾಜ್ಯ ಕೊಟ್ಟವನು ಅವನು. ಶೌರ್ಯ ಹದಿನೆಂಟು. ಗರ್ವ ಹತ್ತೊಂಬತ್ತು. ಕ್ಷಮೆ ಒಂದು, ಸೇಡು ಹತ್ತೊಂಬತ್ತು. ಕರ್ಣನ ಮೇಲಿನ ಸ್ನೇಹಕ್ಕೆ ಆ ಆಟದಲ್ಲಿ ಬೇರೆ ಖಾನೆಯೇ ಇದೆ. ಹಾಳೆ ತುಂಬಿಸಿದವರಿಗೆ ಅವನು ಕೆಟ್ಟವನೋ ಒಳ್ಳೆಯವನೋ ಎಂಬ ಪ್ರಶ್ನೆ ಸಪ್ಪೆ ಅನಿಸತೊಡಗುತ್ತದೆ. ಕರ್ಣನಿಗೆ ರಾಜ್ಯ ಕೊಡಿಸಿದ್ದೂ ಪಾಂಡವರಿಗೆ ಕೊಡದಂತೆ ತಡೆದದ್ದೂ ‘ನನ್ನ ಮಾತೇ ಮಾತು’ ಎಂಬ ಅದೇ ಹಟ. ಹಟ ಕಿತ್ತುಹಾಕಿದರೆ ಔದಾರ್ಯವೂ ಹೋಗುತ್ತದೆ. ಪಂಪ 941ರ ತನ್ನ ಕಾವ್ಯದಲ್ಲಿ ಒಬ್ಬೊಬ್ಬ ವೀರನ ಹೆಗ್ಗಳಿಕೆ ಎಣಿಸುವಾಗ ದುರ್ಯೋಧನನ ಪಾಲಿಗೆ ಹಾಕಿದ್ದು ಈ ಛಲವನ್ನೇ. ಅದೂ ಕರ್ಣನ ಸತ್ಯದ, ಭೀಷ್ಮನ ಉನ್ನತಿಯ ಸಾಲಿನಲ್ಲಿ.

ಇನ್ನು 2003ರಿಂದ ಬೆಳೆದುಬಂದ ‘ಫೇಟ್’ ಎಂಬ ಆಟ. ರಾಬ್ ಡೊನೊಹ್ಯೂ, ಫ್ರೆಡ್ ಹಿಕ್ಸ್ ಅದರ ರಚನಕಾರರು. ಅಲ್ಲಿ ಪಾತ್ರದ ಸ್ವಭಾವವನ್ನು ಅಂಕಿಯಲ್ಲಿ ಬರೆಯುವುದಿಲ್ಲ, ಒಂದು ಚಿಕ್ಕ ವಾಕ್ಯದಲ್ಲಿ ಬರೆಯುತ್ತಾರೆ. ‘ಹೀಯಾಳಿಕೆ ಕೇಳಿ ಸುಮ್ಮನಿರಲಾರ’ ಎಂದು ಬರೆದಿದೆ ಎಂದುಕೊಳ್ಳಿ. ಆಟದ ನಡುವೆ ಮಾಸ್ಟರ್ ಒಂದು ಬಿಲ್ಲೆಯನ್ನು ಮುಂದೆ ಸರಿಸಿ, ‘ಇಗೋ, ಶತ್ರು ಹೊರಗೆ ನಿಂತು ಹೀಯಾಳಿಸುತ್ತಿದ್ದಾನೆ, ನಿನ್ನ ಪಾತ್ರ ಸುಮ್ಮನಿರಲಾರದಲ್ಲ’ ಎನ್ನಬಹುದು. ಬಿಲ್ಲೆ ತೆಗೆದುಕೊಂಡರೆ ಪಾತ್ರ ಹಳ್ಳಕ್ಕೆ ಬೀಳುತ್ತದೆ, ಆದರೆ ಮುಂದೊಂದು ಕಷ್ಟದ ಗಳಿಗೆಯಲ್ಲಿ ಆ ಬಿಲ್ಲೆ ಕೈಹಿಡಿಯುತ್ತದೆ. ಒಲ್ಲೆ ಎಂದರೆ ತನ್ನ ಬಳಿಯ ಒಂದು ಬಿಲ್ಲೆಯನ್ನೇ ತೆರಬೇಕು. ಅಂದರೆ ಸ್ವಭಾವವನ್ನು ಮೀರುವುದಕ್ಕೂ ಖರ್ಚಿದೆ.

ಈ ನಿಯಮಕ್ಕೆ ರನ್ನನ ‘ಗದಾಯುದ್ಧ’ಕ್ಕಿಂತ ಒಳ್ಳೆಯ ಉದಾಹರಣೆ ಆ ಆಟದ ಪುಸ್ತಕಗಳಲ್ಲೂ ಸಿಗಲಿಕ್ಕಿಲ್ಲ. ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ತಂದೆತಾಯಿ ಸಂಧಿ ಮಾಡಿಕೋ ಎನ್ನುತ್ತಾರೆ. ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ನಡೆಯುತ್ತ ಶರಶಯ್ಯೆಯ ಭೀಷ್ಮನ ಬಳಿಗೆ ಹೊರಟಿದ್ದಾನೆ. ದಾರಿಯಲ್ಲಿ ದ್ರೋಣ, ಶತ್ರುವಿನ ಮಗನಾದ ಅಭಿಮನ್ಯು, ಸ್ವಂತ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಅಭಿಮನ್ಯುವಿನ ಎದುರು ಕೈಮುಗಿದು ಅಂಥ ಸಾವು ತನಗೂ ಬರಲಿ ಎನ್ನುವಷ್ಟು ದೊಡ್ಡ ಮನಸ್ಸು ಆ ಹಟಮಾರಿಯದು. ಭೀಷ್ಮನೂ ಸಂಧಿಯ ಮಾತೆತ್ತುತ್ತಾನೆ. ಕರ್ಣ, ದುಶ್ಶಾಸನರಿಲ್ಲದ ರಾಜ್ಯ ಯಾರಿಗೆ ಬೇಕೆಂದು ಇವನು ಒಪ್ಪುವುದಿಲ್ಲ. ಹಾಗಾದರೆ ಇವತ್ತೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಕಳೆ, ನಾಳೆಗೆ ಬಲರಾಮ ಮೊದಲಾದವರು ನೆರವಿಗೆ ಬರುತ್ತಾರೆ ಎಂದು ಅಜ್ಜ ಉಪಾಯ ಹೇಳುತ್ತಾನೆ. ಒಂದೇ ಒಂದು ದಿನ. ದುರ್ಯೋಧನ ನೀರಿಗಿಳಿಯುತ್ತಾನೆ. ದಡಕ್ಕೆ ಬಂದ ಭೀಮ ಬಾಯಿಗೆ ಬಂದಂತೆ ಹಂಗಿಸುತ್ತಾನೆ. ನೀರಿನ ಅಡಿಯಲ್ಲಿದ್ದವನಿಗೆ ಬೆವರೊಡೆಯಿತು ಎನ್ನುತ್ತಾನೆ ಕವಿ. ಕೂತಿದ್ದರೆ ಬದುಕು, ಎದ್ದರೆ ಮರಣ. ಎದ್ದು ಬಂದ.

ಬಿಲ್ಲೆಯನ್ನು ಮುಂದೆ ಸರಿಸಿದವನು ಭೀಮ. ತೆಗೆದುಕೊಂಡವನಿಗೆ ಏನು ಬರುತ್ತದೆಂದು ಗೊತ್ತಿತ್ತು. ಐಬಿನ ಪಾತ್ರ ಆಡುವವರು ಕಲಿಯಬೇಕಾದದ್ದು ಈ ಎದ್ದು ಬರುವ ಗಳಿಗೆಯನ್ನು. ಗೆಲ್ಲುವ ಲೆಕ್ಕ ಹಾಕಿ ಆಡುವ ಆಟಗಾರ ನೀರೊಳಗೇ ಕೂತಿರುತ್ತಾನೆ, ಮರುದಿನ ಬಲರಾಮ ಬರುತ್ತಾನೆ, ಆಟ ಸುರಕ್ಷಿತವಾಗಿ ಮುಗಿಯುತ್ತದೆ. ಅಂಥ ದುರ್ಯೋಧನನ ಪಾರ್ಟಿಗೆ ಯಾವ ಹಳ್ಳಿಯಲ್ಲೂ ಯಾರೂ ನೂರು ರೂಪಾಯಿ ಚಂದಾ ಕೊಡುತ್ತಿರಲಿಲ್ಲ.

ಕಿಬ್ಬನಹಳ್ಳಿಯಲ್ಲಿ ನಿಂತು ರನ್ನನ ಮಾತಾಡುವುದಕ್ಕೆ ಇನ್ನೊಂದು ನಂಟಿದೆ. ಕಿಬ್ಬನಹಳ್ಳಿ (ಕೆ.ಬಿ.) ಕ್ರಾಸಿನಿಂದ ದಕ್ಷಿಣಕ್ಕೆ ಹೊರಟರೆ ತುರುವೇಕೆರೆ ತಾಲ್ಲೂಕು. ಅಲ್ಲಿನ ಸಂಪಿಗೆಯಲ್ಲಿ 1884ರಲ್ಲಿ ಬಿ.ಎಂ. ಶ್ರೀಕಂಠಯ್ಯ ಹುಟ್ಟಿದರು. ಉತ್ತರಕ್ಕೆ ಹೊರಟರೆ ಚಿಕ್ಕನಾಯಕನಹಳ್ಳಿ ತಾಲ್ಲೂಕು. ಅಲ್ಲಿನ ತೀರ್ಥಪುರದಲ್ಲಿ 1906ರಲ್ಲಿ ತೀ.ನಂ. ಶ್ರೀಕಂಠಯ್ಯ ಹುಟ್ಟಿದರು. ಒಬ್ಬರು ಗುರು, ಇನ್ನೊಬ್ಬರು ಶಿಷ್ಯ. ಇಬ್ಬರೂ ಇದೇ ‘ಗದಾಯುದ್ಧ’ಕ್ಕೆ ಕೈಹಚ್ಚಿದವರು. ತೀನಂಶ್ರೀ ಅದರ ಸಂಗ್ರಹವನ್ನು ಸಂಪಾದಿಸಿ ವಿದ್ಯಾರ್ಥಿಗಳ ಕೈಗಿತ್ತರು. ಬಿಎಂಶ್ರೀ 1926ರಲ್ಲಿ ಅದನ್ನು ‘ಗದಾಯುದ್ಧ ನಾಟಕಂ’ ಮಾಡಿದರು. ಭೀಮನನ್ನು ನಾಯಕನೆಂದು ಹೊಗಳುವ ಕಾವ್ಯದೊಳಗಿಂದ ದುರಂತನಾಯಕನಾದ ದುರ್ಯೋಧನನನ್ನು ಮುಂದಕ್ಕೆ ತಂದರು. ಮೂರು ವರ್ಷದ ಮೇಲೆ ಗ್ರೀಕ್ ನಾಟಕಕಾರ ಸಾಫೊಕ್ಲೀಸನ ‘ಅಯಾಸ್’ ನಾಟಕವನ್ನು ಹಿಡಿದು ಅದರ ಅಭಿಮಾನಧನನ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ತೀರ ಸಜ್ಜನನ ಪತನ ಕಂಡರೆ ಜುಗುಪ್ಸೆ, ತೀರ ದುಷ್ಟನ ಪತನ ಕಂಡರೆ ಸಮಾಧಾನ. ನಡುವಿನವನೊಬ್ಬ ತನ್ನದೇ ತಪ್ಪಿನಿಂದ ಬಿದ್ದಾಗ ಮಾತ್ರ ಕರುಳು ಚುರ್ ಎನ್ನುತ್ತದೆ ಎಂಬುದು ಅರಿಸ್ಟಾಟಲನ ವಾದ. ಮೈಸೂರಿನ ತರಗತಿಗಳಲ್ಲಿ ಓದಿ ಚರ್ಚಿಸಿದ ಈ ವಿಚಾರವನ್ನು ಹಾರ್ಮೋನಿಯಂ ಮೇಷ್ಟ್ರು ಓದಿರಬೇಕಾಗಿಲ್ಲ. ದುರ್ಯೋಧನನ ಪಾರ್ಟಿನವನು ಕರ್ಣನ ಶವದ ಮುಂದೆ ಹಾಡಿದಾಗ ‘ವನ್ಸ್ ಮೋರ್’ ಬೀಳುತ್ತದೆಂದು ಅವರಿಗೆ ಗೊತ್ತು.

ಪೂರ್ವಕ್ಕೆ ಹೊರಟರೆ ಗುಬ್ಬಿ. 1884ರಲ್ಲಿ, ಅಂದರೆ ಬಿಎಂಶ್ರೀ ಹುಟ್ಟಿದ ವರ್ಷವೇ, ಅಲ್ಲಿ ನಾಟಕ ಕಂಪನಿ ಶುರುವಾಯಿತು. ಮುಂದೆ ಆ ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿಸಿದವರು. ಆದರೆ ಜನ ಅವರನ್ನು ಮರೆಯದೆ ನೆನೆಯುವುದು ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ. ಕಂಪನಿಯ ಮಾಲೀಕ ಬಯಸಿದರೆ ಯಾವ ರಾಜನ ಪೋಷಾಕನ್ನಾದರೂ ತೊಡಬಹುದಿತ್ತು, ಆರಿಸಿಕೊಂಡದ್ದು ಕಳ್ಳನನ್ನು. ಪಶ್ಚಿಮದ ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅವರಂತೂ ಹೆದರುಪುಕ್ಕಲು, ಪೆದ್ದು, ಆಸೆಬುರುಕ ಮನುಷ್ಯರನ್ನೇ ಆಡಿ ಬೆಳ್ಳಿತೆರೆಯನ್ನು ಆಳಿದರು. ಐಬು ಯಾವಾಗಲೂ ದುರಂತಕ್ಕೇ ಒಯ್ಯಬೇಕೆಂದಿಲ್ಲ. ಪಾತ್ರದಾಟದ ಮೇಜಿನಲ್ಲೂ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದು ನಗಿಸಿದ ಐಬೇ.

ಜೀ.ಶಂ. ಪರಮಶಿವಯ್ಯನವರು ಮೂಡಲಪಾಯ ಎಂದು ಗುರುತಿಸಿ ಅಧ್ಯಯನ ಮಾಡಿದ ಈ ಸೀಮೆಯ ಬಯಲಾಟದಲ್ಲಿ ಇದಕ್ಕೆಂದೇ ಹನುಮನಾಯಕನಿದ್ದಾನೆ. ರಾಜನ ಆಸ್ಥಾನದಲ್ಲಿ ಬಾಯಿಬಡುಕನಾಗಿ ಓಡಾಡಿಕೊಂಡು, ರಾಜ ಮುಚ್ಚಿಟ್ಟದ್ದನ್ನು ಹೊರಹಾಕುವವನು. ವೇಷ ರಂಗಕ್ಕೆ ಬಂದಾಗ ಯಾರು, ಎತ್ತಣವರು, ಬಂದ ಕಾರ್ಯವೇನು ಎಂದು ಕೆದಕಿ ಮಾತಾಡಿಸುವ ಕ್ರಮವೂ ಇದೆ. ಪಾತ್ರ ತನ್ನ ಹೆಸರು, ಊರು, ಬಿರುದು ಬಾಯಾರೆ ಹೇಳಿಕೊಳ್ಳಬೇಕು. ಪಾತ್ರದಾಟದ ಮಾಸ್ಟರುಗಳು ಮೊದಲ ದಿನ ಆಟ ಶುರುಮಾಡದೆ ಪಾತ್ರಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಾರಲ್ಲ, ಆ ಕೆಲಸ ಇಲ್ಲಿ ಮದ್ದಲೆ ಮುಖವೀಣೆಯ ನಡುವೆ ಎಲ್ಲರ ಎದುರೇ ನಡೆಯುತ್ತದೆ.

ಆದರೂ ಪಾತ್ರದಾಟದ ಅತಿ ಹತ್ತಿರದ ದಾಯಾದಿ ಇರುವುದು ಮೂಡಲಪಾಯದಲ್ಲಲ್ಲ, ಪಡುವಣದಲ್ಲಿ. ಕರಾವಳಿ, ಮಲೆನಾಡು, ಕಾಸರಗೋಡುಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು, ಭಾಗವತರ ಪದ ಮುಗಿದೊಡನೆ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ; ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ. ಕಥೆಯ ಕೊನೆ ಮಾತ್ರ ಕಟ್ಟಿಟ್ಟದ್ದು. ‘ವಾಲಿವಧೆ’ಯಲ್ಲಿ ವಾಲಿ ಸಾಯಲೇಬೇಕು, ಎಷ್ಟೇ ಚೆನ್ನಾಗಿ ವಾದಿಸಲಿ.

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಹೆಸರಾದವರು. ವಾಲಿಯ ಪಾತ್ರದ ಇಕ್ಕಟ್ಟನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ಪ್ರಶ್ನಿಸಬೇಕು, ಪ್ರಶ್ನೆ ನ್ಯಾಯವಾದದ್ದು. ಆದರೆ ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ತಾನೇ. ಕೀಳು ಅರ್ಥಧಾರಿ ಆ ಸಂಗತಿಯನ್ನು ಜಾರಿಸಿಬಿಡುತ್ತಾನೆ, ಅಥವಾ ವಾಲಿಯನ್ನು ಸಾಧುವನ್ನಾಗಿ ಮಾಡುತ್ತಾನೆ. ಬಲ್ಲವನು ತಪ್ಪನ್ನು ಮೈಮೇಲೆ ಇಟ್ಟುಕೊಂಡೇ ವಾದಿಸುತ್ತಾನೆ. ಎದುರಿನ ರಾಮನಿಗೂ ಆಗ ಹೇಳಲು ಏನಾದರೂ ಉಳಿಯುತ್ತದೆ. ಐಬು ಎದುರಾಳಿಗೆ ಕೊಡುವ ಹಿಡಿ. ಹಿಡಿಯೇ ಇಲ್ಲದ, ಎಲ್ಲಿ ಮುಟ್ಟಿದರೂ ಜಾರುವ ಪಾತ್ರದೊಂದಿಗೆ ಇನ್ನೊಬ್ಬರು ಆಡಲಾರರು. ಮೇಜಿನ ಸುತ್ತ ನಾಲ್ಕು ಜನ ಕೂತಾಗ ಈ ಮಾತು ಇನ್ನೂ ನಿಜ. ಪೆಟ್ಟು ತಿನ್ನದ, ತಪ್ಪು ಮಾಡದ, ಯಾರ ಸಹಾಯವೂ ಬೇಡದ ವೀರನನ್ನು ಸೃಷ್ಟಿಸಿಕೊಂಡು ಬಂದವನು ಉಳಿದ ಮೂವರನ್ನು ಪ್ರೇಕ್ಷಕರನ್ನಾಗಿ ಮಾಡಿಬಿಡುತ್ತಾನೆ.

ಹಾಗಾದರೆ ಒಂದು ಪಾತ್ರವನ್ನು ಇಲ್ಲೇ ಕಟ್ಟಿ ನೋಡಬಹುದು. ಖಡ್ಗ, ಡ್ರ್ಯಾಗನ್ ಬೇಡ. 2009ರಲ್ಲಿ ಜೇಸನ್ ಮಾರ್ನಿಂಗ್‌ಸ್ಟಾರ್ ರಚಿಸಿದ ‘ಫಿಯಾಸ್ಕೊ’ ಎಂಬ ಆಟ ದಾರಿ ತೋರಿಸಿದೆ. ಅದರಲ್ಲಿ ಮಾಸ್ಟರ್ ಇಲ್ಲ. ಮೂರರಿಂದ ಐದು ಜನ, ಒಂದು ಸಣ್ಣ ಊರು, ದೊಡ್ಡ ಆಸೆ ಮತ್ತು ಸಣ್ಣ ತಾಳ್ಮೆಯ ಮನುಷ್ಯರು, ಅವರ ನಡುವಿನ ನಂಟುಗಳು, ಕೊನೆಗೆ ಎಲ್ಲವೂ ಗೋವಿಂದ. ಊರು ಕಿಬ್ಬನಹಳ್ಳಿಯೇ ಆಗಲಿ.

ಪಾತ್ರ: ಒಬ್ಬ ತೆಂಗು ಬೆಳೆಗಾರ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಅವಸರದಲ್ಲಿ ಆಗುವ ಮಾಲಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ತುಂಬಿ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು. ಒಳಗಿನ ನೀರು ಇಂಗಿ, ಗಿಟಕು ಚಿಪ್ಪು ಬಿಡಬೇಕು. ಕಾಯುವುದು ಈ ಮನುಷ್ಯನ ರಕ್ತದಲ್ಲಿದೆ. ಬರ ಬಂದಾಗ ಕಾದ, ನುಸಿಪೀಡೆ ಬಂದಾಗ ಕಾದ, ಊರಿನವರು ತಮ್ಮ ತೋಟ ಕಡಿದಾಗಲೂ ಕಾದು ತನ್ನದನ್ನು ಉಳಿಸಿಕೊಂಡ. ಊರಲ್ಲಿ ಅವನಿಗೆ ಮರ್ಯಾದೆ ಇರುವುದೇ ಆ ತಾಳ್ಮೆಗೆ. ಈಗ ಕೊಬ್ಬರಿ ಸುಲಿದು ಚೀಲಕ್ಕೆ ತುಂಬಿದೆ. ಎಪಿಎಂಸಿಯಲ್ಲಿ ರೇಟು ಪರವಾಗಿಲ್ಲ. ಇವನು, ‘ಇನ್ನೊಂದು ವಾರ ನೋಡೋಣ’ ಎನ್ನುತ್ತಾನೆ.

ಇಷ್ಟೇ ಅವನ ಐಬು. ಅವನ ದೃಷ್ಟಿಯಲ್ಲಿ ಅದು ಐಬೇ ಅಲ್ಲ, ಇಷ್ಟು ವರ್ಷ ಕಾಪಾಡಿದ ಗುಣ. ಪೆಂಡ್ರಾಗನ್ ರೀತಿಯಲ್ಲಿ ತಾಳ್ಮೆ ಹದಿನೇಳು, ಆತುರ ಮೂರು ಎಂದು ಬರೆಯೋಣ. ಆಟದ ಒಂದೊಂದು ಸುತ್ತು ಒಂದೊಂದು ವಾರ. ಮೊದಲ ದಾಳ ಮಾರುಕಟ್ಟೆಯದು. ರೇಟು ಏರಿತೋ ಇಳಿಯಿತೋ ಹೇಳುತ್ತದೆ. ಎರಡನೆಯದು ಇಪ್ಪತ್ತು ಮುಖದ್ದು, ಇವನದು. ಹದಿನೇಳೋ ಅದಕ್ಕಿಂತ ಕಡಿಮೆಯೋ ಬಿದ್ದರೆ ಇವನು ಮಾರುವಂತಿಲ್ಲ, ಕಾಯಲೇಬೇಕು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅಂಥದೊಂದು ಬೆಲೆಯನ್ನು ಆಟದ ಮಧ್ಯರೇಖೆ ಮಾಡಿಕೊಂಡರೆ ಲೆಕ್ಕ ಸುಲಭ.

ಉಳಿದ ಆಟಗಾರರಿಗೆ ಈಗ ಕೆಲಸ ಸಿಗುತ್ತದೆ. ಒಬ್ಬರು ಹೆಂಡತಿ: ಮಗಳ ಕಾಲೇಜು ಫೀಸಿನ ಕೊನೆಯ ದಿನ ಹತ್ತಿರ ಬಂದಿದೆ, ಗಂಡನಿಗೆ ತಿಳಿಸದೆ ಒಡವೆ ಅಡವಿಟ್ಟಿದ್ದಾಳೆ, ಅವಳ ಐಬು, ಕಷ್ಟವನ್ನು ಯಾರಿಗೂ ಹೇಳದಿರುವುದು. ಇನ್ನೊಬ್ಬ ತಮ್ಮ: ಭಾಗ ಕೇಳಬೇಕೆಂದು ಬಂದವನು, ಅಣ್ಣನ ಎದುರು ನಿಂತರೆ ನಾಲಗೆ ಏಳುವುದಿಲ್ಲ, ಬೆನ್ನ ಹಿಂದೆ ಊರಿಗೆಲ್ಲ ಹೇಳುತ್ತಾನೆ. ಮತ್ತೊಬ್ಬ ಕೊಬ್ಬರಿ ವರ್ತಕ: ಒಳ್ಳೆಯವನೆನಿಸಿಕೊಳ್ಳುವ ಚಪಲಕ್ಕೆ ಎಲ್ಲರಿಗೂ ಮಾತು ಕೊಡುತ್ತಾನೆ. ನಾಲ್ವರಲ್ಲಿ ಕೇಡಿಗ ಒಬ್ಬನೂ ಇಲ್ಲ. ಒಬ್ಬೊಬ್ಬರ ಐಬೂ ಇನ್ನೊಬ್ಬರ ಐಬಿಗೆ ತಗಲಿಕೊಂಡಿರುವುದರಿಂದ ಮೂರನೇ ವಾರದ ಹೊತ್ತಿಗೆ ಮನೆ ರಣರಂಗವಾಗುತ್ತದೆ, ಯಾರೂ ಕಥೆ ಬರೆಯಬೇಕಾಗುವುದಿಲ್ಲ. ಐದನೇ ವಾರದಲ್ಲಿ ಹತ್ತೊಂಬತ್ತು ಬಿದ್ದು ಅವನು ಕೊನೆಗೂ ಮಾರಲು ಒಪ್ಪಿದಾಗ ರೇಟು ಎಲ್ಲಿರುತ್ತದೋ ದಾಳವೇ ಬಲ್ಲದು.

ದಾಳದ ಮಾತು ಬಂದದ್ದಕ್ಕೆ ಧರ್ಮರಾಯನನ್ನೂ ನೆನೆಯಬೇಕು. ಇಡೀ ಮಹಾಭಾರತದಲ್ಲಿ ಐಬನ್ನು ಅತ್ಯಂತ ಶ್ರದ್ಧೆಯಿಂದ ಆಡಿದವನು ಅವನೇ. ಮೊದಲ ದ್ಯೂತದಲ್ಲಿ ರಾಜ್ಯ, ತಮ್ಮಂದಿರು, ತಾನು, ಹೆಂಡತಿ ಎಲ್ಲವೂ ಹೋಗಿ, ಮುದುಕ ಧೃತರಾಷ್ಟ್ರ ಹೆದರಿ ಎಲ್ಲವನ್ನೂ ವಾಪಸು ಕೊಟ್ಟ ಮೇಲೆ, ಮತ್ತೆ ಕರೆದರೆಂದು ಮತ್ತೆ ಹೋಗಿ ಕೂತ. ಒಂದು ಸಲ ಎಡವಿದರೆ ಅಪಘಾತ. ಅನುದ್ಯೂತಕ್ಕೆ ಹೋದಾಗ ಅದು ಸ್ವಭಾವ. ಹಳ್ಳಿ ನಾಟಕದಲ್ಲಿ ಧರ್ಮರಾಯನ ಪಾರ್ಟಿಗೆ ಚಂದಾ ಕಡಿಮೆ ಇರುವುದು, ಈ ದೃಷ್ಟಿಯಲ್ಲಿ, ಅನ್ಯಾಯವೇ ಸರಿ.

ಐಬಿನ ಪಾತ್ರಕ್ಕೆ ಒಂದು ಕೆಟ್ಟ ಬಳಕೆಯೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಜೊತೆಗಾರರ ಗಂಟು ಕದಿಯುವುದು, ಸಂಧಾನದ ನಡುವೆ ಕತ್ತಿ ಎಳೆಯುವುದು, ಎದುರಿನವರಿಗೆ ಮುಜುಗರವಾಗುವಂಥ ಮಾತಾಡುವುದು. ಕೇಳಿದರೆ, ‘ನಾನಲ್ಲ, ನನ್ನ ಪಾತ್ರ ಇರುವುದೇ ಹಾಗೆ’ ಎಂಬ ಸಮಜಾಯಿಷಿ. ಪಾತ್ರದಾಟದ ಬಳಗಗಳೆಲ್ಲ ಈ ನೆಪದಿಂದ ಬೇಸತ್ತಿವೆ. ಪಾತ್ರ ಹಾಗಿದೆ ನಿಜ, ಅದನ್ನು ಹಾಗೆ ಬರೆದವರು ಯಾರು? ದುಶ್ಶಾಸನನ ಪಾರ್ಟಿನವನು ಸೀರೆಗೆ ಎಲ್ಲಿಯವರೆಗೆ ಕೈಹಾಕಬಹುದು ಎಂಬುದನ್ನು ಮೇಷ್ಟ್ರು ಮೊದಲೇ ಹೇಳಿಕೊಟ್ಟಿರುತ್ತಾರೆ. ರಂಗದ ಮೇಲೆ ಆವೇಶ ಬಂತೆಂದು ಗೆರೆ ದಾಟಿದರೆ ಮರುವರ್ಷ ಅವನಿಗೆ ಪಾರ್ಟಿಲ್ಲ. ಮೇಜಿನ ಆಟದವರು ಇದಕ್ಕೆ ಕೆಲವು ಸಾಧನ ಮಾಡಿಕೊಂಡಿದ್ದಾರೆ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಸರಳವಾದದ್ದು: ಮೇಜಿನ ನಡುವೆ ಗೀಟು ಹಾಕಿದ ಒಂದು ಕಾರ್ಡು, ಯಾರಿಗೇ ಆಗಲಿ ಸಹಿಸಲಾಗದ ವಿಷಯ ಬಂದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗವನ್ನು ಕೈಬಿಟ್ಟು ಮುಂದೆ ಹೋಗಬೇಕು. ಹಳ್ಳಿ ನಾಟಕದಲ್ಲೂ ದುರ್ಯೋಧನನ ಗರ್ವ ಹಾಡು ಮುಗಿಯುವ ತನಕ ಮಾತ್ರ. ಬೆಳಗಿನ ಜಾವ ಬಣ್ಣ ತೊಳೆದು ಡೈರಿಗೆ ಹಾಲು ಹಾಕಲು ಹೋಗುವವನು ಆ ಗರ್ವವನ್ನು ಕ್ಯಾನಿನಲ್ಲಿ ತುಂಬಿಕೊಂಡು ಹೋಗುವುದಿಲ್ಲ. ಆದ್ದರಿಂದಲೇ ರಾತ್ರಿ ಅಷ್ಟು ಜೋರಾಗಿ ಮೆರೆಯಲು ಅವನಿಗೆ ಸಾಧ್ಯ.

2014ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೇ ಆವೃತ್ತಿಯಲ್ಲಿ ಪ್ರತಿ ಪಾತ್ರದ ಹಾಳೆಯಲ್ಲೂ ಐಬಿಗೆಂದು ಒಂದು ಚೌಕ ಬಂತು. ಹೊಳೆಯದಿದ್ದರೆ ದಾಳ ಹಾಕಿ ಪಟ್ಟಿಯಿಂದ ಆರಿಸಿಕೊಳ್ಳಬಹುದಿತ್ತು. ಪಟ್ಟಿ ಕೆಟ್ಟದ್ದಲ್ಲ, ಆದರೆ ಅದರಲ್ಲಿರುವವರು ಹಡಗುಗಳ್ಳರು, ಸರದಾರರು, ಮಠಗಳ ಸಂನ್ಯಾಸಿಗಳು. ಭಾಗದ ಜಗಳಕ್ಕೆ ಕೋರ್ಟು ಹತ್ತಿ ತೋಟ ಮಾರಿಕೊಂಡವನು, ಸಾಲ ಮಾಡಿ ಮದುವೆಯಲ್ಲಿ ಮೆರೆದವನು, ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ಸೋತ ಮೇಲೂ ಬಿಳಿ ಅಂಗಿ ಬಿಡದವನು ಅದರಲ್ಲಿ ಸಿಗುವುದಿಲ್ಲ. ಆ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದರೆ ಪ್ರಯೋಜನವೂ ಕಡಿಮೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳಲ್ಲಿ ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ನಾಟಕ ಕಲಿಸುವ ಮೇಷ್ಟ್ರು ಇದ್ದರೆ, ಯಾವ ಪಾರ್ಟಿಗೆ ಎಂಥವರನ್ನು ಆರಿಸುತ್ತಾರೆ, ಯಾಕೆ ಎಂದು ಕೇಳಿ ಬರೆದುಕೊಳ್ಳಿ. ಭಾಗವತರು ಇದ್ದರೆ ಅವರ ಪ್ರಸಂಗದ ಪುಸ್ತಕ ನೋಡಿ, ಯಾವ ರಾಜ ಯಾವ ಚಪಲದಿಂದ ಕೆಟ್ಟನೆಂದು ಪಟ್ಟಿ ಮಾಡಿ. ಅದೇ ನಿಮ್ಮ ನಿಯಮ ಪುಸ್ತಕದ ಮೊದಲ ಅಧ್ಯಾಯ. ಇಪ್ಪತ್ತು ಮುಖದ ದಾಳ ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಚೌಕಾಬಾರದ ಕವಡೆ ಸಾಕು. ಒಂದು ನೋಟ್‌ಬುಕ್ಕು, ನಾಲ್ಕು ಜನ, ಒಂದು ಸಂಜೆ ಇದ್ದರೆ ಆಟ ಶುರು ಮಾಡಬಹುದು.